ಮುಬೀನಾ ತೆಗೆಯದ ಬೀಗ

ಫೋನಿನ ಬೀಗ ತೆಗೆದವನು ನಾನು, ಮುಬೀನಾ ಅಲ್ಲ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಬಂದರೆ ನಡುವೆ ಎಲ್ಲಾದರೂ ನನ್ನ ಪರವಾಗಿ ಒಂದೆರಡು ಮಾತು ಸೇರಿಸಿಕೊಂಡುಬಿಡುತ್ತೇನೆ – ನನ್ನ ಬುದ್ಧಿ ನನಗೆ ಗೊತ್ತು. ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ ಮುಬೀನಾ ಎಂಬ ಹೆಂಗಸಿನ ಮೇಲೆ ನಾಲ್ಕು ವರ್ಷದ ಹಿಂದೆ ಒಂದು ಅಪವಾದ ಬಂತು. ರಿಪೇರಿಗೆ ಕೊಟ್ಟ ಫೋನಿನ ಬೀಗ ತೆಗೆದು ಒಳಗಿರುವುದನ್ನೆಲ್ಲ ನೋಡುತ್ತಾಳೆ ಎಂದು. ಅದು ಸುಳ್ಳು. ಆ ಸುಳ್ಳು ಹೇಳಿದ್ದು ನಾನು. ನನ್ನ ಹೆಸರು ಮಾದೇಶ. ಹುಟ್ಟೂರು ಉಮ್ಮತ್ತೂರು, ಈಗ ಇರುವುದು ಚಾಮರಾಜನಗರದಲ್ಲಿ.

ಆಗ ನಾನು ಚೆಂಡು ಹೂವಿನ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸಕ್ಕಿದ್ದೆ. ಗುಂಡ್ಲುಪೇಟೆ ಸುತ್ತಿನ ರೈತರಿಗೆ ಕಂಪನಿಯೇ ಬೀಜ ಕೊಟ್ಟು, ಬೆಳೆದ ಹೂವನ್ನು ತಾನೇ ಕೊಳ್ಳುತ್ತಿತ್ತು. ದಿನವೂ ಒಂದಷ್ಟು ಹೊಲಗಳಿಗೆ ಹೋಗಿ, ಗಿಡಕ್ಕೆ ರೋಗ ಬಿದ್ದಿದೆಯೇ ನೋಡಿ, ಅಲ್ಲೇ ನಿಂತು ಫೋಟೋ ತೆಗೆದು ಕಳಿಸುವುದು ನನ್ನ ಕೆಲಸ. ಫೋನು ಕಂಪನಿಯದೇ. ಫೋಟೋ ಕಳಿಸಿದಾಗ ನಾನು ಎಲ್ಲಿ ನಿಂತಿದ್ದೇನೆ ಎಂಬುದೂ ಅದರ ಜೊತೆಗೇ ಮ್ಯಾನೇಜರಿಗೆ ಹೋಗುತ್ತಿತ್ತು.

ಹೊಲಕ್ಕೆ ಹೋಗದೆ, ಹೋದ ಹಾಗೆ ತೋರಿಸುವ ದಾರಿಯೊಂದನ್ನು ನಾನು ಹುಡುಕಿದೆ. ಸರ್ಕಾರಿ ಪರೀಕ್ಷೆಗೆ ಓದಬೇಕಾಗಿತ್ತು, ಬಿಸಿಲಲ್ಲಿ ಅಲೆದು ಬಂದರೆ ಓದುವ ತ್ರಾಣ ಇರುತ್ತಿರಲಿಲ್ಲ – ಹೀಗೆ ನನಗೆ ನಾನೇ ಹೇಳಿಕೊಂಡಿದ್ದೆ. ಓದಿದ್ದು ಎಷ್ಟು ದಿನ? ನಾಲ್ಕೋ ಐದೋ. ಉಳಿದ ದಿನವೆಲ್ಲ ಚಾಮರಾಜನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿದ್ದೆ, ಕ್ರಿಕೆಟ್ ನೋಡಿದೆ. ದೊಡ್ಡ ಕಷ್ಟಕ್ಕೆ ಸಿಕ್ಕಿ ತಪ್ಪು ಮಾಡಿದೆ ಎಂದು ಹೇಳಿಕೊಳ್ಳುವುದಕ್ಕೂ ನನ್ನ ಬಳಿ ಏನೂ ಇಲ್ಲ. ಸೋಮಾರಿತನ, ಅಷ್ಟೇ.

ನಾನಿಲ್ಲದ ಜಾಗದಲ್ಲಿ ನಾನಿದ್ದೇನೆಂದು ಫೋನು ಸುಳ್ಳು ಹೇಳಬೇಕಾದರೆ ಅದರ ಒಳಗಿನ ಬೀಗವೊಂದನ್ನು ತೆಗೆಯಬೇಕು. ಬೂಟ್‌ಲೋಡರ್ ಲಾಕ್ ಅನ್ನುತ್ತಾರೆ. ವೀಡಿಯೋ ನೋಡಿಕೊಂಡು, ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಒಂದು ಭಾನುವಾರ ಬೆಳಿಗ್ಗೆ ಅದನ್ನು ತೆಗೆದೆ. ಬೇರೆ ಸಾಫ್ಟ್‌ವೇರ್ ಹಾಕಿದೆ. ಸುಮಾರು ಮೂರು ತಿಂಗಳು ನಾನು ಮನೆಯಲ್ಲಿದ್ದೆ, ನನ್ನ ಫೋನು ತೆರಕಣಾಂಬಿಯ ಹೊಲಗಳಲ್ಲಿ ಓಡಾಡಿತು. ಹಳೆಯ ಫೋಟೋಗಳನ್ನೇ ತಿರುಗಿಸಿ ಮುರುಗಿಸಿ ಕಳಿಸುತ್ತಿದ್ದೆ. ಯಾರೂ ಕೇಳಲಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ, ಮೀಟಿಂಗಿಗೆಂದು ಗುಂಡ್ಲುಪೇಟೆ ಬಸ್ಸಿನಲ್ಲಿ ಕೂತಿದ್ದಾಗ, ಫೋನು ತಾನಾಗಿಯೇ ಅಪ್‌ಡೇಟ್ ಆಗಲು ಹೋಗಿ ನಿಂತಿತು. ಮತ್ತೆ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಕೆಂಪು ಅಕ್ಷರ. ಬೂಟ್ ವೆರಿಫಿಕೇಶನ್ ಫೇಲಾಗಿದೆ, ಈ ಫೋನನ್ನು ನಂಬುವ ಹಾಗಿಲ್ಲ ಎಂಬರ್ಥದ ಇಂಗ್ಲಿಷು. ಗುಂಡಿ ಒತ್ತಿದರೆ ಆರುತ್ತಿತ್ತು, ತಿರುಗಿ ಹೊತ್ತಿಕೊಂಡು ಅದನ್ನೇ ತೋರಿಸುತ್ತಿತ್ತು. ಮೀಟಿಂಗಿಗೆ ಹೋಗಲಿಲ್ಲ. ಬಸ್ಸಿಳಿದವನು ನೇರ ಮುಬೀನಾಳ ಅಂಗಡಿಗೆ ಹೋದೆ.

ಅವಳ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಗಂಡ ತರಕಾರಿ ಲಾರಿಯಲ್ಲಿ ಕೇರಳಕ್ಕೆ ಹೋಗಿಬರುತ್ತಿದ್ದ. ಒಳಗೆ ಅತ್ತೆಯ ಜೊತೆ ಉರ್ದುವಿನಲ್ಲಿ ಏನೋ ಮಾತಾಡುತ್ತ, ಹೊರಗೆ ನಮ್ಮ ಜೊತೆ ಕನ್ನಡದಲ್ಲಿ ಮಾತಾಡುತ್ತ, ಕೈ ಮಾತ್ರ ನಿಲ್ಲಿಸದೆ ಕೆಲಸ ಮಾಡುವವಳು. ಆ ಊರಿನಲ್ಲಿ ಹೆಂಗಸರು ಫೋನು ಕೆಟ್ಟರೆ ಅವಳಲ್ಲಿಗೇ ಹೋಗುತ್ತಿದ್ದರು. ಗಂಡಸರ ಅಂಗಡಿಯಲ್ಲಿ ಕೊಟ್ಟರೆ ಒಳಗಿನ ಫೋಟೋ ಯಾರು ನೋಡುತ್ತಾರೋ ಎಂಬ ಭಯ ಅವರಿಗೆ. ಹೂ ಕೀಳುವವರು, ಶಾಲೆಯ ಟೀಚರುಗಳು, ಕಾಲೇಜು ಹುಡುಗಿಯರು – ಎಲ್ಲರೂ. ಅದರ ಹಿಂದಿನ ತಿಂಗಳಷ್ಟೇ ನಮ್ಮ ಮ್ಯಾನೇಜರು ಕಂಪನಿಯ ಫೋನುಗಳ ರಿಪೇರಿಯನ್ನೆಲ್ಲ ಅವಳಿಗೇ ವಹಿಸಿದ್ದರು. ಅದಕ್ಕೆಂದೇ ಅವಳು ಹೊಸ ಕಂಪ್ಯೂಟರ್ ತಂದು ಇಟ್ಟುಕೊಂಡಿದ್ದಳು.

ಫೋನು ಕೈಗೆ ತೆಗೆದುಕೊಂಡು, ಗುಂಡಿಗಳೆರಡನ್ನೂ ಒಟ್ಟಿಗೆ ಒತ್ತಿ ಹಿಡಿದು, ಬಂದ ಅಕ್ಷರಗಳನ್ನು ಓದಿದಳು. ತನ್ನ ಫೋನಿನಲ್ಲಿ ಆ ಪರದೆಯ ಒಂದು ಫೋಟೋ ತೆಗೆದುಕೊಂಡಳು. ಯಾವ ಫೋನು ಬಂದರೂ ಬಂದ ಸ್ಥಿತಿಯಲ್ಲೇ ಹಾಗೆ ಫೋಟೋ ತೆಗೆಯುವುದು ಅವಳ ಅಭ್ಯಾಸ. ಆಮೇಲೆ ತಲೆಯೆತ್ತಿದಳು.

"ಮಾದೇಶಣ್ಣ, ಇದರ ಬೀಗ ತೆಗೆದಿದ್ದಾರೆ. ನೀವಾ?"

ಅಕ್ಕಪಕ್ಕ ನೋಡಿದೆ. ಯಾರೂ ಇರಲಿಲ್ಲ. "ಹೂಂ. ಯಾರಿಗೂ ಹೇಳ್ಬೇಡಿ," ಎಂದೆ.

"ನಾನಾಗಿ ಹೋಗಿ ಹೇಳಲ್ಲ. ಕೇಳಿದ್ರೆ ಮಾತ್ರ ಸುಳ್ಳು ಹೇಳಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹೊರಗೆ ಕಳಿಸುತ್ತಿದ್ದರು. ಅವಳು ಸ್ಟೂಲು ತೋರಿಸಿ ಕೂರಿಸಿದಳು. ಆಗಿರುವುದೇನೆಂದು ತಿಳಿಸಿ ಹೇಳಿದಳು. ಫೋನು ಏಳುವ ಮುಂಚೆ ತನ್ನ ಒಳಗಿನ ಒಂದೊಂದು ಭಾಗವನ್ನೂ ತಾನೇ ತಪಾಸಣೆ ಮಾಡಿಕೊಳ್ಳುತ್ತದಂತೆ. ತಯಾರಿಸಿದವರ ಮೊಹರು ಹಾಗೇ ಇದೆಯೇ, ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು. ಎಲ್ಲೋ ಒಂದು ಕಡೆ ತಾಳೆಯಾಗದಿದ್ದರೆ ಅಲ್ಲೇ ನಿಂತುಬಿಡುತ್ತದಂತೆ. ನಾನು ಹಾಕಿದ ಸಾಫ್ಟ್‌ವೇರಿನ ಮೇಲೆ ಅಸಲಿ ಅಪ್‌ಡೇಟ್ ಅರ್ಧ ಬಂದು ಕೂತದ್ದರಿಂದ ಅದಕ್ಕೆ ಇದೂ ಅಲ್ಲ ಅದೂ ಅಲ್ಲ ಎಂಬಂತಾಗಿತ್ತು.

"ಅಸಲಿದನ್ನೇ ಪೂರ್ತಿ ಹೊಸದಾಗಿ ಹಾಕ್ಬೇಕು. ಒಳಗಿರೋದೆಲ್ಲ ಅಳಿಸಿಹೋಗ್ತದೆ. ಆಗಬಹುದಾ?"

ಅಳಿಸಿಹೋಗುವುದೇ ನನಗೆ ಬೇಕಾಗಿತ್ತು. ತಲೆಯಾಡಿಸಿದೆ.

ಮಧ್ಯಾಹ್ನದವರೆಗೂ ಅದರ ಮುಂದೆ ಕೂತಳು. ಮಾಡೆಲ್ ನಂಬರು ಎರಡೆರಡು ಸಲ ನೋಡಿಕೊಂಡಳು – ಒಂದಕ್ಷರ ಹೆಚ್ಚುಕಡಿಮೆಯಾದರೂ ಫೋನು ಮತ್ತೆಂದೂ ಏಳುವುದಿಲ್ಲವಂತೆ. ಬ್ಯಾಟರಿ ಅರ್ಧ ತುಂಬುವವರೆಗೆ ಕಾದಳು. ಕೇಬಲ್ಲು ಅಲುಗಬಾರದೆಂದು ಟೇಪು ಹಚ್ಚಿದಳು. ಪರದೆಯಲ್ಲಿ ಹಸಿರು ಗೆರೆ ನಿಧಾನಕ್ಕೆ ತುಂಬುತ್ತಿತ್ತು. ಕೊನೆಗೆ ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬೀಗ ಮತ್ತೆ ಹಾಕಿದಳು. ಫೋನು ಕೆಂಪು ಅಕ್ಷರವಿಲ್ಲದೆ ಎದ್ದಿತು. ಅಂಗಡಿಯಿಂದ ತಂದ ಹೊಸ ಫೋನಿನ ಹಾಗೆ ಭಾಷೆ ಯಾವುದು ಎಂದು ಕೇಳಿತು.

ಕೊಡುವಾಗ ಹೇಳಿದಳು: "ಒಂದ್ಸಲ ಬೀಗ ತೆಗೆದದ್ದರ ಗುರುತು ಒಳಗೆ ಉಳೀತದೆ. ಅದನ್ನ ನನ್ನ ಕೈಲಿ ಅಳಿಸಕ್ಕಾಗಲ್ಲ. ಆಫೀಸಲ್ಲಿ ನೀವೇ ಹೇಳ್ಬಿಡಿ. ಈಗ ಹೇಳಿದ್ರೆ ಬೈದು ಸುಮ್ಮನಾಗ್ತಾರೆ."

"ಹೇಳ್ತೀನಿ," ಎಂದೆ. ಹೇಳಲಿಲ್ಲ.

ಎರಡು ವಾರದ ಮೇಲೆ ಕಂಪನಿಯ ದೊಡ್ಡ ಆಫೀಸಿನವರು ಎಲ್ಲ ಫೋನುಗಳನ್ನೂ ಒಮ್ಮೆ ಪರೀಕ್ಷೆ ಮಾಡಿದರು. ನನ್ನ ಫೋನಿನಲ್ಲಿ ಅವಳು ಹೇಳಿದ ಗುರುತು ಸಿಕ್ಕಿತು. ಅಷ್ಟೇ ಸಿಕ್ಕಿದ್ದು. ಮೂರು ತಿಂಗಳು ನಾನು ಆಡಿದ ಆಟ ಯಾವುದೂ ಅದರಲ್ಲಿ ಉಳಿದಿರಲಿಲ್ಲ – ಅವಳು ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದಳು.

ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಹೂ ತೂಕ ಹಾಕುವ ಶೆಡ್ಡಿನ ಪಕ್ಕದ ಕೋಣೆ. ಹೊರಗೆ ಮೂಟೆಗಳ ರಾಶಿ, ಒಳಗೆಲ್ಲ ಚೆಂಡು ಹೂವಿನ ಕಟು ವಾಸನೆ. ಮುಬೀನಾ ಬುರ್ಖಾದ ತುದಿಯ ಧೂಳು ಕೊಡವಿ ಒಳಗೆ ಬಂದು, ಕೂರಿ ಎಂದರೂ ಕೂರದೆ ನಿಂತಿದ್ದಳು. ಇದೇನು ಎಂದು ಅವರು ಕೇಳಿದಾಗ, "ಫೋನು ಬಂದಾಗಲೇ ಬೀಗ ತೆಗೆದಿತ್ತು ಸರ್. ನಾನು ಹಾಕಿ ಕೊಟ್ಟೆ," ಎಂದಳು. ಯಾರು ತೆಗೆದದ್ದೆಂದು ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದನ್ನು ಹೇಳುವ ಅವಕಾಶವನ್ನು ನನಗೇ ಬಿಟ್ಟಳು ಎಂದು ಈಗ ಅನ್ನಿಸುತ್ತದೆ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಮಾದೇಶ್, ನೀವು ಕೊಟ್ಟಾಗ ಇದರ ಲಾಕ್ ತೆಗೆದಿತ್ತಾ?"

"ಇಲ್ಲ ಸರ್."

ಎರಡು ಪದ. ಭಯದಲ್ಲಿ ಬಾಯಿಗೆ ಬಂದುಬಿಟ್ಟಿತು ಎನ್ನಬಹುದು. ಅದು ಅಲ್ಲಿಗೇ ನಿಂತಿದ್ದರೆ... ಆದರೆ ಮುಬೀನಾ ತನ್ನ ಫೋನು ತೆಗೆದು ಆ ದಿನದ ಫೋಟೋ ತೋರಿಸಿದಳು. ಬಂದ ತಕ್ಷಣ ತೆಗೆದದ್ದು ಸರ್, ನೋಡಿ, ಎಂದಳು. ಮ್ಯಾನೇಜರು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಅವರ ಮುಖದಲ್ಲಿ ಅನುಮಾನ ನನ್ನ ಕಡೆಗೆ ತಿರುಗುವುದು ನನಗೆ ಕಾಣಿಸಿತು. ಆಗ ನಾನು ಯೋಚನೆ ಮಾಡಿದೆ. ಸರಿಯಾಗಿ, ಸಾವಧಾನವಾಗಿ ಯೋಚನೆ ಮಾಡಿದೆ.

"ಫೋಟೋ ತೆಗೆದಾಗ ಫೋನು ಅವರ ಕೈಲೇ ಇತ್ತಲ್ಲ ಸರ್. ಅವರೇ ತೆಗೆದು ಆಮೇಲೆ ಫೋಟೋ ಹೊಡ್ಕೊಂಡ್ರೂ ಹೀಗೇ ಬರುತ್ತೆ."

ಮೊದಲನೆಯ ಸುಳ್ಳಿಗಿಂತ ಇದಕ್ಕೆ ನಾನು ಹೆಚ್ಚು ನಾಚುತ್ತೇನೆ. ಅದು ಬಾಯಿಂದ ಜಾರಿತ್ತು. ಇದನ್ನು ನಾನು ಕಟ್ಟಿದೆ.

ಇನ್ನೂ ಒಂದನ್ನು ಹೇಳಬೇಕು. ಎಷ್ಟು ಸಲ ಬರೆದು ಹೊಡೆದುಹಾಕಿದ್ದೇನೋ. ನಾವಿಬ್ಬರೂ ಆ ಮೇಜಿನ ಮುಂದೆ ನಿಂತಿದ್ದಾಗ, ಯಾರ ಮಾತನ್ನು ನಂಬುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮ್ಯಾನೇಜರು ಅವಳ ಬುರ್ಖಾದ ಕಡೆ ನೋಡಿ ಉಸಿರುಬಿಟ್ಟು, "ಇವರನ್ನ ನಂಬಿ ಕೊಟ್ಟದ್ದೇ ತಪ್ಪಾಯ್ತು," ಎಂದರು. ಎದುರಿಗೆ ನಿಂತಿದ್ದವಳು ಒಬ್ಬಳೇ. ಅವರು 'ಇವರು' ಎಂದದ್ದು ಯಾರನ್ನೆಲ್ಲ ಸೇರಿಸಿ ಎಂದು ನನಗೂ ತಿಳಿಯಿತು, ಅವಳಿಗೂ ತಿಳಿಯಿತು. ಆ ಮಾತು ನನ್ನದಲ್ಲ ನಿಜ. ಆದರೆ ಆ ಮಾತು ಅಲ್ಲೇ ಎಲ್ಲೋ ಇದೆ, ಬೇಕಾದಾಗ ನನ್ನ ಸಹಾಯಕ್ಕೆ ಬರುತ್ತದೆ ಎಂಬುದನ್ನು ನಂಬಿಕೊಂಡೇ ನಾನು ಸುಳ್ಳು ಹೇಳಿದ್ದೆ.

ಮುಬೀನಾ ಮ್ಯಾನೇಜರ ಕೈಯಿಂದ ತನ್ನ ಫೋನು ವಾಪಸ್ ತೆಗೆದುಕೊಂಡಳು. ನನ್ನನ್ನು ಒಮ್ಮೆ ನೋಡಿದಳು – ಸಿಟ್ಟಿನಿಂದಲ್ಲ. ಕೆಟ್ಟು ಬಂದ ಸಾಮಾನನ್ನು ರಿಪೇರಿ ಆಗುತ್ತದೋ ಇಲ್ಲವೋ ಎಂದು ನೋಡುವ ಹಾಗೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಕಂಪನಿಯ ಕೆಲಸ ಮಾರನೇ ದಿನವೇ ಅವಳ ಕೈತಪ್ಪಿತು. ನಾನು ಅಂದುಕೊಂಡದ್ದು ಅಷ್ಟೇ – ಒಂದು ಕೆಲಸ ಹೋಯಿತು, ಬೇರೆ ಗಿರಾಕಿ ಇದ್ದಾರಲ್ಲ ಎಂದು. ಆದರೆ ಶೆಡ್ಡಿನ ಕೋಣೆಯಲ್ಲಿ ಆಡಿದ ಮಾತು ಶೆಡ್ಡಿಗೆ ಬರುವುದಕ್ಕೆ ಎಷ್ಟು ಹೊತ್ತು? ವಾರದೊಳಗೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸಿದ್ದರಾಜು ನನಗೇ ಬಂದು ಹೇಳಿದ: "ಏನ್ಲಾ ಮಾದೇಸ, ಆಯಮ್ಮ ಎಲ್ರ ಫೋನೂ ಬಿಚ್ಚಿ ಒಳಗಿರ ಫೋಟನೆಲ್ಲ ನೋಡ್ತಿದ್ಳಂತಲ್ಲ ಕಣ್ಲಾ. ನಮ್ಮನೆವ್ಳು ಅಲ್ಗೇ ಕೊಡ್ತಿದ್ಳು. ಇನ್ಮೇಲ್ ಓಗ್ಬ್ಯಾಡ ಅಂದ್ಬುಟ್ಟೆ."

ಇಲ್ಲ ಕಣೋ, ಹಾಗಲ್ಲ, ಎನ್ನುವುದಕ್ಕೆ ನನಗೆ ಅಲ್ಲೊಂದು ದಾರಿ ಇತ್ತು. "ಹೌದಾ," ಎಂದೆ.

ಯಾವ ನಂಬಿಕೆಯ ಮೇಲೆ ಅವಳ ಅಂಗಡಿ ನಡೆಯುತ್ತಿತ್ತೋ ಅದೇ ಹೋಯಿತು. ಹೆಂಗಸರು ಬರುವುದು ನಿಂತಿತು. ಐದಾರು ತಿಂಗಳಲ್ಲಿ ಬೋರ್ಡು ಇಳಿಯಿತು. ಸಂಸಾರ ಸಮೇತ ಎಲ್ಲೋ ಹೋದರು ಎಂದು ಕೇಳಿದೆ. ಎಲ್ಲಿಗೆ ಎಂದು ಕೇಳಲಿಲ್ಲ. ಆ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ಸುತ್ತಿಕೊಂಡು ಹೋಗುತ್ತಿದ್ದೆ. ಮೂರು ತಿಂಗಳ ಸೋಮಾರಿತನ ಬಿಟ್ಟು ದಿನವೂ ಹೊಲಕ್ಕೆ ಹೋಗತೊಡಗಿದೆ. ಒಳ್ಳೆಯ ಕೆಲಸಗಾರ ಎನ್ನಿಸಿಕೊಂಡೆ. ಇದರಿಂದ ಏನೋ ಸರಿಹೋಗುತ್ತದೆ ಎಂದು... ಏನು ಸರಿಹೋಗುತ್ತದೆ?

ನಾಲ್ಕು ವರ್ಷ ಹೀಗೇ ಕಳೆಯಿತು. ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ಶೋಭಾಳ ಫೋನು ಕೆಟ್ಟಿತು. ಅಪ್‌ಡೇಟ್ ಆಗುವಾಗ ಚಾರ್ಜ್ ಮುಗಿದು, ಅದೇ ಕಪ್ಪು ಪರದೆ, ಅದೇ ಕೆಂಪು ಅಕ್ಷರ. ಅವಳು ಏನೂ ತಪ್ಪು ಮಾಡಿರಲಿಲ್ಲ. ಬಾಣಂತನದ ಫೋಟೋಗಳೆಲ್ಲ ಅದರಲ್ಲಿದ್ದವು. ಸೊಸೈಟಿ ಪಕ್ಕದ ಗಂಡಸರ ರಿಪೇರಿ ಅಂಗಡಿಗೆ ಕೊಡಲು ಅವಳಿಗೆ ಮನಸ್ಸಿಲ್ಲ. "ಗುಂಡ್ಲುಪೇಟೆಲಿ ಒಬ್ರು ಹೆಂಗಸು ರಿಪೇರಿ ಮಾಡ್ತಾರೆ ಅಂತಿದ್ರಲ್ಲ ನೀವು, ಅವರಿಗೆ ಕೊಡನ," ಎಂದಳು.

"ಅವಳನ್ನ ನಂಬೋ ಹಾಗಿಲ್ಲ," ಎಂದೆ ನಾನು.

ಅಡುಗೆಮನೆಯಲ್ಲಿ, ನನ್ನ ಹೆಂಡತಿಯ ಮುಂದೆ. ಮ್ಯಾನೇಜರ್ ಇರಲಿಲ್ಲ, ಕೆಲಸ ಹೋಗುವ ಭಯ ಇರಲಿಲ್ಲ. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಬಂತು ಆ ಮಾತು. ಶೋಭಾ ಸರಿ ಎಂದು ತಲೆಯಾಡಿಸಿ ಸಾರಿಗೆ ಒಗ್ಗರಣೆ ಹಾಕಿದಳು. ಅವಳಿಗೂ ಈಗ ಮುಬೀನಾ ಎಂದರೆ ನಂಬಬಾರದವಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಏನಾಯ್ತು, ಏನಾಯ್ತು ಎಂದು ಅವಳು ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಒಲೆ ಆರಿಸಿ ಇಷ್ಟೇ ಅಂದಳು: "ಹೋಗಿ ಆಯಮ್ಮನಿಗೆ ಹೇಳಿ ಬನ್ನಿ. ಅಲ್ಲೀಗಂಟ ನನ್ನ ಮಾತಾಡಿಸ್ಬೇಡಿ."

ಹುಡುಕುವುದು ಕಷ್ಟವಾಗಲಿಲ್ಲ. ನಾಲ್ಕು ವರ್ಷದಲ್ಲಿ ಯಾವತ್ತು ಬೇಕಾದರೂ ಹುಡುಕಬಹುದಿತ್ತು. ಸಂತೆಮರಹಳ್ಳಿಯಲ್ಲಿ ತವರುಮನೆಯ ಹತ್ತಿರ ಬಾಡಿಗೆಗಿದ್ದಳು. ಬಸ್ಸಿಳಿದು, ಸಂತೆ ನಡೆಯುವ ಬಯಲು ದಾಟಿ ಹೋದೆ. ಜಗಲಿಯ ಮೇಲೆ ಹೊಲಿಗೆ ಮಷೀನೊಂದನ್ನು ಮಗುಚಿ ಹಾಕಿಕೊಂಡು ಎಣ್ಣೆ ಬಿಡುತ್ತಿದ್ದಳು. ಈಗ ಅವಳು ಮಾಡುವುದು ಹೊಲಿಗೆ ಮಷೀನು ರಿಪೇರಿ. ನನ್ನನ್ನು ಕಂಡು ಗುರುತು ಹಿಡಿದಳು. ಎದ್ದೇಳಲಿಲ್ಲ.

ನಿಂತುಕೊಂಡೇ ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತೆಲ್ಲ ಬಿಟ್ಟುಹೋಗಿ, ಬೀಗ ತೆಗೆದದ್ದು ನಾನು, ಸುಳ್ಳು ಹೇಳಿದ್ದು ನಾನು, ತಪ್ಪಾಯ್ತು ಎಂದಷ್ಟೇ ಬಂತು.

ಎಣ್ಣೆ ಒರೆಸಿಕೊಳ್ಳುತ್ತ ಕೇಳಿದಳು: "ಇದು ನನಗೆ ಗೊತ್ತಿಲ್ವಾ ಮಾದೇಶಣ್ಣ?"

ಒರೆಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

"ಗೊತ್ತಿರೋಳಿಗೇ ಬಂದು ಹೇಳ್ತಿದ್ದೀರಲ್ಲ. ಗೊತ್ತಿಲ್ದಿರೋರಿಗೆ ಹೇಳಿದ್ರಾ?"

"ಇಲ್ಲ," ಎಂದೆ.

"ಮತ್ತೆ?"

ಅಷ್ಟು ಹೇಳಿ ಮಷೀನಿನ ಕಡೆ ತಿರುಗಿದಳು. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಶೋಭಾಳ ಫೋನು ನನ್ನ ಜೇಬಿನಲ್ಲೇ ಇತ್ತು. ತೆಗೆಯಲು ಮುಖವಿರಲಿಲ್ಲ.

ಮನೆಗೆ ಬಂದು, ನಡೆದದ್ದನ್ನೆಲ್ಲ ತಿಳಿಸಿ ಕಂಪನಿಗೆ ಒಂದು ಪತ್ರ ಬರೆದೆ. ಕಳಿಸುವ ಮುಂಚೆ ಅವಳಿಗೆ ತೋರಿಸಬೇಕೆನ್ನಿಸಿ ಮತ್ತೆ ಸಂತೆಮರಹಳ್ಳಿಗೆ ಹೋದೆ. ಅವಳು ಪತ್ರವನ್ನು ಎರಡು ಸಲ ಓದಿದಳು. ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದಳು.

"ಫೋನಿನ ಬೀಗ ಮುರಿದೆ ಅಂತ ಬರ್ದಿದ್ದೀರಿ. ಅದು ಮುರಿಯೋದಲ್ಲ. ಹೀಗೆ ಮಾಡಿದ್ರೆ ಹೀಗಾಗ್ತದೆ, ನಿಜವಾಗ್ಲೂ ಬೇಕಾ ಅಂತ ಫೋನೇ ಕೇಳ್ತದೆ. ಹೌದು ಅಂತ ನೀವು ಒತ್ತಿದ್ರೆ ಮಾತ್ರ ತೆಗೀತದೆ. ಅದನ್ನ ಬರೀರಿ."

ಹೌದು. ಆ ಭಾನುವಾರ ಫೋನು ಕೇಳಿತ್ತು. ನಾನು ಓದಿ, ಒತ್ತಿದ್ದೆ. ಅಲ್ಲೇ ಜಗಲಿಯ ಮೇಲೆ ಕೂತು ಆ ಸಾಲು ಹೊಡೆದುಹಾಕಿ, ಅವಳು ಹೇಳಿದ ಹಾಗೆ ಬರೆದೆ.

ಪತ್ರ ಕೊಟ್ಟಾಯಿತು. ಹಳೆಯ ಮ್ಯಾನೇಜರು ವರ್ಗವಾಗಿ ಹೋಗಿದ್ದರು. ಹೊಸಬರು ಓದಿ, ಇಷ್ಟು ಹಳೆಯದನ್ನು ಈಗ ಯಾಕೆ ತೆಗೆದಿರಿ ಎಂದರು. ಆಮೇಲೆ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದರು. ನ್ಯಾಯವೇ. ಅಲ್ಲಿಂದ ಹೊರಗೆ ಬಂದು ಶೆಡ್ಡಿನಲ್ಲಿ ಹೂ ಮೂಟೆ ಹೊತ್ತು ತಂದಿದ್ದ ಹೆಂಗಸರ ಮುಂದೆ ನಿಂತು ಪತ್ರದ ನಕಲನ್ನು ಜೋರಾಗಿ ಓದಿದೆ. ಕೆಲವರು ಕೇಳಿಸಿಕೊಳ್ಳಲಿಲ್ಲ. ಸಿದ್ದರಾಜು ತಲೆ ತಗ್ಗಿಸಿ ನಿಂತಿದ್ದ. ವಯಸ್ಸಾದ ಒಬ್ಬಾಕೆ ತಲೆಯ ಮೇಲಿನ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಾವೂ ಸುಮ್ಸುಮ್ಕೆ ಆಯಮ್ಮನ್ನ ಬೋದ್ಬುಟ್ಟಿದ್ವಿ ಕಣಪ್ಪ. ಅವತ್ತೇ ಯೋಳಕ್ಕೆ ನಿಂಗೇನಾಗಿತ್ತು?" ಎಂದಳು.

ಏನಾಗಿತ್ತು? ಏನೂ ಆಗಿರಲಿಲ್ಲ.

ಮುಬೀನಾ ಗುಂಡ್ಲುಪೇಟೆಗೆ ವಾಪಸ್ ಬರುವುದಿಲ್ಲ. ನಾನು ಕೇಳಿದ್ದೆ. ಮತ್ತೆ ಮೊದಲಿಂದ ಶುರುಮಾಡುವಷ್ಟು ತನಗೆ ಪುರಸೊತ್ತಿಲ್ಲ ಎಂದಳು. ನನ್ನ ಪತ್ರದಿಂದ ಅವಳ ನಾಲ್ಕು ವರ್ಷ ಹಿಂದಕ್ಕೆ ಬರುವುದಿಲ್ಲ, ಗೊತ್ತಿದೆ. ಆದರೂ ಆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇನ್ನೂ ಎಷ್ಟೋ ಮನೆಗಳಿವೆ. ಅಲ್ಲಿಯವರಿಗೆಲ್ಲ ಅವಳು ಫೋನು ಬಿಚ್ಚಿ ನೋಡುತ್ತಿದ್ದವಳೇ. ಈ ವಾರ ಮೂರು ಮನೆಗೆ ಹೋಗಿ ಹೇಳಿ ಬಂದೆ. ಒಂದು ಮನೆಯಲ್ಲಿ ಕೂರಿಸಿ ಕೇಳಿಸಿಕೊಂಡರು, ಒಂದರಲ್ಲಿ ಬಾಗಿಲಲ್ಲೇ ಬೈದು ಕಳಿಸಿದರು, ಇನ್ನೊಂದರಲ್ಲಿ ಯಾವ ಮುಬೀನಾ ಎಂದರು. ಯಾವ ಮುಬೀನಾ ಎಂದು ಮೊದಲಿನಿಂದ ಹೇಳಿದೆ. ನಾಳೆ ನಾಲ್ಕನೆಯ ಮನೆಗೆ ಹೋಗುತ್ತೇನೆ.